ಹೆಸರುಕಾಳು, ಉದ್ದಿನಕಾಳು ಮತ್ತು ಒಂದು ಬಾವಲಿ

ನಾನು ಮಂಗಳೂರಿನ ಒಂದು ಶಾಲೆಯಲ್ಲಿ ಟೀಚರ್. ಶನಿವಾರದ ಇಕೋ ಕ್ಲಬ್ಬಿನಲ್ಲಿ ಅಳಿಯುತ್ತಿರುವ ಜೀವಿಗಳ ಪಾಠಕ್ಕೆ ಈ ಸಲ ಹುಲಿ, ಆನೆ ಬಿಟ್ಟು ನಮ್ಮದೇ ರಾಜ್ಯದ ಎರಡು ಪುಟ್ಟ ಜೀವಗಳನ್ನು ಆರಿಸಿಕೊಂಡೆ: ಹಳದಿ ಕೊರಳಿನ ಪಿಕಳಾರ, ಕೋಲಾರದ ಎಲೆಮೂಗಿನ ಬಾವಲಿ.

ಮೊದಲ ವಾರ ಬೋರ್ಡಿನ ಮೇಲೆ ಹೋಲಿಕೆ ಬರೆದೆ. ಹಕ್ಕಿ ಹಣ್ಣು, ಹುಳ ಎರಡನ್ನೂ ತಿನ್ನುತ್ತದೆ, ಬಾವಲಿಗೆ ಹುಳವೇ ಊಟ. ಹಕ್ಕಿಯ ದನಿ ನಮಗೆ ಕೇಳುತ್ತದೆ, ದಾರಿ ಹುಡುಕಲು ಬಾವಲಿ ಹೊರಡಿಸುವ ಸದ್ದು ಕೇಳುವುದಿಲ್ಲ. ಮಕ್ಕಳು ಸುಮ್ನೆ ಬರೆದುಕೊಂಡರು.

ಮುಂದಿನ ವಾರ ದಕ್ಷಿಣ ಭಾರತದ ನಕ್ಷೆಯನ್ನು ಮೇಜಿನ ಮೇಲೆ ಹಾಸಿದೆ. ಪಿಕಳಾರಕ್ಕೆ ಹೆಸರುಕಾಳು. ಆಂಧ್ರ, ಕರ್ನಾಟಕ, ತಮಿಳುನಾಡು, ಕೇರಳದ ಕಲ್ಲುಬೆಟ್ಟಗಳಲ್ಲಿ ಒಂದೊಂದಾಗಿ ಇಟ್ಟೆವು. ನಂದಿಬೆಟ್ಟದ ಕಾಳು ನಾನೇ ಇಟ್ಟೆ. ಅಲ್ಲಿ ಬಂಡೆ ಪಕ್ಕದ ಪೊದೆಯಲ್ಲಿ ಅದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮ ಹಿತ್ತಿಲಿನ ಪಿಕಳಾರದ ಹಾಗೆ ಜುಟ್ಟಿಲ್ಲ. ಬೂದು ಮೈ, ಕೊರಳಿಗೆ ಅರಿಶಿನ ಹಚ್ಚಿದ ಹಾಗೆ.

ಬಾವಲಿಗೆ ಒಂದೇ ಒಂದು ಉದ್ದಿನಕಾಳು. 1994ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಜೀವ ಅದು. ಮೊದಲು ಎರಡು ಗುಹೆಗಳಲ್ಲಿತ್ತು. ಆಮೇಲಿನ ಹುಡುಕಾಟದಲ್ಲಿ ಸಿಕ್ಕಿದ್ದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದೇ ಗುಹೆಯಲ್ಲಿ, 200ಕ್ಕಿಂತ ಕಡಿಮೆ.

ಅಷ್ಟರಲ್ಲಿ ಒಬ್ಬ ಹುಡುಗ ಸೆಕೆ ಅಂತ ಫ್ಯಾನ್ ಜೋರು ಮಾಡಿದ. ನಕ್ಷೆಯ ಅಂಚು ಎದ್ದು ಕಾಳುಗಳು ಉರುಳಿದವು. ಮೂರ್ನಾಲ್ಕು ಹೆಸರುಕಾಳು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಒಬ್ಬಳು ಮಾತ್ರ ಕೂಗಿದಳು: "ಟೀಚರ್, ಬಾವಲಿಯದ್ದು ಬಿತ್ತು! ಇನ್ನು ಬೇರೆ ಎಲ್ಲಿಯಾದ್ರೂ ಉಂಟಾ?"

ಇಲ್ಲ ಅಂದೆ. ಜೀವಿಗಳ ಅಳಿವಿನ ಅಪಾಯ ಅಳೆಯುವ ಜಾಗತಿಕ ಕೆಂಪುಪಟ್ಟಿಯಲ್ಲಿ ಹಕ್ಕಿ 'ವಲ್ನರಬಲ್' (ಅಪಾಯದಲ್ಲಿರುವುದು), ಬಾವಲಿ 'ಕ್ರಿಟಿಕಲಿ ಎಂಡೇಂಜರ್ಡ್' (ಅಳಿವಿನ ಅಂಚಿನಲ್ಲಿರುವುದು) ಯಾಕೆ ಅಂತ ಮತ್ತೆ ಜಾಸ್ತಿ ವಿವರಿಸಬೇಕಾಗಲಿಲ್ಲ. ಎರಡಕ್ಕೂ ಇರುವ ಒಂದು ದೊಡ್ಡ ಭಯ ಕಲ್ಲಿನ ಕೋರೆ. ಒಂದು ಬೆಟ್ಟ ಒಡೆದರೆ ಪಿಕಳಾರದ ಒಂದು ನೆಲೆ ಹೋಗುತ್ತದೆ, ಬೇರೆ ಬೆಟ್ಟಗಳಲ್ಲಿ ಅದು ಉಳಿದಿರುತ್ತದೆ. ಹಾಗಾಗಿ ನಷ್ಟ ಬೇಗ ಕಣ್ಣಿಗೆ ಬೀಳುವುದಿಲ್ಲ. ನನಗೆ ಇದೂ ಸಣ್ಣ ವಿಷಯ ಅಲ್ಲ. ಆದರೆ ಆ ಗುಹೆ ಹೋದರೆ ಈ ಬಾವಲಿಯ ಇಡೀ ಕುಲವೇ ಹೋದ ಹಾಗೆ ಅಲ್ವಾ? ಎಲೆಮೂಗಿನ ಬಾವಲಿಗಳು ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತವೆ. ಕಳೆದದ್ದು ಬೇಗ ತುಂಬುವುದಿಲ್ಲ.

ಮಕ್ಕಳಿಗೆ ಈಗ ಎರಡನ್ನೂ ನೋಡುವ ಆಸೆ. ನಂದಿಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದೇನೆ. ಗುಹೆಗೆ ಮಾತ್ರ ಇಲ್ಲ. ಟಾರ್ಚ್ ಬೆಳಕಿಗೆ, ಗಲಾಟೆಗೆ ಬೆದರಿದರೆ ತಾಯಿ ಬಾವಲಿಗಳು ಹಾರುವಾಗ ಮರಿಗಳು ಕೆಳಗೆ ಬೀಳಬಹುದು. ಮೇಜಿನಡಿ ಹುಡುಕಿ ಉದ್ದಿನಕಾಳು ತಂದವಳು ಈ ಸಲ ಅದನ್ನು ಗಮ್ ಹಾಕಿ ಅಂಟಿಸಿದಳು.