ಮಂಡಿ ಪೂರ್ತಿ ಬದಲಿಸುವ ಮೊದಲು ‘ಅರ್ಧ ಸಾಕಾ?’ ಅಂತ ಕೇಳಿ

ನಮ್ಮ ಅವ್ವ ಕಾರಟಗಿ ಕಡೆ ಮೂವತ್ತು ವರ್ಷ ಭತ್ತದ ನಾಟಿ ಮಾಡಿದವಳು. ಮಂಡಿ ನೋವು ಜಾಸ್ತಿಯಾದಾಗ ಓಣಿಯವರೆಲ್ಲ ಹೇಳಿದ್ದು ಒಂದೇ: ‘ಮಂಡಿ ಬದಲಿಸ್ರಿ’. ಆದರೆ ಡಾಕ್ಟರು ಮೊದಲು ಕೇಳಿದ್ದೇ ಬೇರೆ. “ಎಲ್ಲಿ ನೋವು? ಒಂದೇ ಬೆರಳಲ್ಲಿ ತೋರಿಸಿ.” ಅವ್ವ ಮೊದಲು ಇಡೀ ಅಂಗೈ ಇಟ್ಟಳು. ಆಮೇಲೆ ತೋರುಬೆರಳನ್ನು ಮಂಡಿಯ ಒಳಬದಿಗೆ ಒತ್ತಿ, “ಇಲ್ಲೇ ನೋಡ್ರಿ, ಈ ಒಳಮಗ್ಗಲಾಗ” ಅಂದಳು.

ಆ ಒಂದು ಬೆರಳು ಬಹಳ ಮುಖ್ಯ. ಮಂಡಿಯಲ್ಲಿ ಮೂರು ಭಾಗಗಳಿವೆ: ಒಳಬದಿ, ಹೊರಬದಿ, ಚಿಪ್ಪಿನ ಹಿಂದಿನ ಭಾಗ. ಎಲುಬಿನ ತುದಿಗೆ ನುಣುಪಾದ ಪದರ ಇರುತ್ತದೆ. ಅದು ಸವೆದು ಎಲುಬಿಗೆ ಎಲುಬು ತಾಗಿದರೆ ನೋವು. ಸುಮಾರು ಜನರಿಗೆ ಸವೆತ ಒಳಬದಿಯಲ್ಲಿ ಮಾತ್ರ ಇರುತ್ತದೆ. ಅಂಥವರಿಗೆ ಆ ಭಾಗವನ್ನಷ್ಟೇ ಬದಲಿಸುವುದೇ ಅರ್ಧ ಮಂಡಿ ಆಪರೇಷನ್.

ಮೊದಲ ಹೆಜ್ಜೆ ಎಕ್ಸ್‌ರೇ. ಅದನ್ನು ನಿಂತುಕೊಂಡೇ ತೆಗೆಸಿ. ಅವ್ವನಿಗೆ ಮೊದಲ ಸಲ ಮಲಗಿಸಿ ತೆಗೆದಿದ್ದರು. ಸವೆತ ಸರಿಯಾಗಿ ಕಾಣಲೇ ಇಲ್ಲ, ಮತ್ತೆ ದುಡ್ಡು ಕೊಟ್ಟು ತೆಗೆಸಿದೆವು. ಮೈಭಾರ ಬಿದ್ದಾಗಲೇ ಎಲುಬುಗಳ ನಡುವಿನ ಸಂದು ಎಷ್ಟು ಉಳಿದಿದೆ ಅನ್ನುವುದು ತಿಳಿಯುತ್ತದೆ, ಅಲ್ವಾ?

ಇನ್ನೊಂದು ಮಾತು. ಕೊಪ್ಪಳ, ರಾಯಚೂರಿನ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದರಿಂದಲೂ ಕೀಲು ನೋವು ಬರುತ್ತದೆ. ಯಾವ ನೀರು ಕುಡಿಯುತ್ತೀರಿ ಅಂತ ಡಾಕ್ಟರಿಗೆ ತಪ್ಪದೇ ಹೇಳಿ.

ಎಲ್ಲರಿಗೂ ಅರ್ಧ ಮಂಡಿ ಆಗಿಬರುವುದಿಲ್ಲ. ಮಂಡಿಯೊಳಗಿನ ಲಿಗಮೆಂಟ್‌ಗಳು, ಅಂದರೆ ಎಲುಬಿಗೆ ಎಲುಬು ಹಿಡಿದಿಡುವ ಪಟ್ಟಿಗಳು, ಗಟ್ಟಿಯಾಗಿರಬೇಕು. ಕಾಲು ಚೆನ್ನಾಗಿ ಮಡಚಬೇಕು. ಹಲವು ಕೀಲುಗಳು ಊದಿ ನೋಯುವ ರುಮಟಾಯ್ಡ್ ವಾತ ಇದ್ದವರಿಗೆ ಸಾಮಾನ್ಯವಾಗಿ ಇದು ಬೇಡ. ತೂಕ ಇಳಿಸಿ, ತೊಡೆ ಗಟ್ಟಿಯಾಗುವ ವ್ಯಾಯಾಮ ಮಾಡಿ, ಮಾತ್ರೆ ತಗೊಂಡು ನೋಡಿದರೂ ನೋವು ಬಿಡದಿದ್ದರೆ ಮಾತ್ರ ಆಪರೇಷನ್ ಮಾತು.

ಖರ್ಚಿನ ವಿಷಯ ಮೊದಲೇ ಕೇಳಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಆಯುಷ್ಮಾನ್ ಕಾರ್ಡ್ ನಡೆಯುತ್ತದಾ, ಯಾವ ಕಾಗದ ಬೇಕು ಅಂತ ಅಲ್ಲೇ ವಿಚಾರಿಸಿ. ಮಂಡಿಗೆ ಹಾಕುವ ಸಾಧನಕ್ಕೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಗರಿಷ್ಠ ಬೆಲೆ ಗೊತ್ತು ಮಾಡಿತು. ಖಾಸಗಿಯಾದರೆ ಬಿಲ್‌ನಲ್ಲಿ ಅದರ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ.

ಆಪರೇಷನ್‌ಗೆ ಮೊದಲು ಶುಗರ್ ಹಿಡಿತಕ್ಕೆ ಬರಬೇಕು. ಹುಳುಕು ಹಲ್ಲು, ಕಾಲಿನ ಹುಣ್ಣು ಇದ್ದರೆ ಮೊದಲು ವಾಸಿ ಮಾಡಿಸಿ, ಇಲ್ಲದಿದ್ದರೆ ಮಂಡಿಗೆ ಸೋಂಕು ತಗುಲಬಹುದು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಿ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿಯಾದರೂ ತಂದಿಡಿ.

ಆಪರೇಷನ್‌ಗೆ ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಸವೆದ ಎಲುಬನ್ನು ತೆಳುವಾಗಿ ಕತ್ತರಿಸಿ, ತೊಡೆ ಎಲುಬಿನ ತುದಿಗೆ ಲೋಹದ ಟೋಪಿ, ಕೆಳಗಿನ ಎಲುಬಿನ ಮೇಲೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಕೂರಿಸುತ್ತಾರೆ. ಒಳಗಿನ ಲಿಗಮೆಂಟ್ ಉಳಿಯುವುದರಿಂದ ಮಂಡಿ ನಮ್ಮದೇ ಅನ್ನಿಸುತ್ತದೆ. ಆದರೆ ತೆರೆದು ನೋಡಿದಾಗ ಉಳಿದ ಭಾಗವೂ ಸವೆದಿದ್ದರೆ ಪೂರ್ತಿ ಬದಲಿಸಬೇಕಾಗಬಹುದು. ಅದಕ್ಕೇ ಎರಡಕ್ಕೂ ಸಹಿ ಕೇಳುತ್ತಾರೆ, ಗಾಬರಿಯಾಗಬೇಡಿ. ಬಿಟ್ಟ ಭಾಗ ಮುಂದೆ ಸವೆದು ಇನ್ನೊಂದು ಆಪರೇಷನ್ ಬೇಕಾಗುವ ಸಾಧ್ಯತೆಯೂ ಇದೆ. ಪೂರ್ತಿ ಮಂಡಿಗಿಂತ ಇದರಲ್ಲಿ ಅದು ಜಾಸ್ತಿ. ಇದನ್ನು ತಿಳಿದೇ ಒಪ್ಪಿಕೊಳ್ಳಿ.

ಅದೇ ದಿನ ಇಲ್ಲವೇ ಮರುದಿನ ವಾಕರ್ ಹಿಡಿಸಿ ನಡೆಸುತ್ತಾರೆ. ನೋವಾಗುತ್ತದೆ ಅಂತ ಸುಮ್ನೆ ಮಲಗಬೇಡಿ, ಕಾಲು ಬಿಗಿದುಕೊಳ್ಳುತ್ತದೆ. ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದಂತಾದರೆ, ಜ್ವರ ಬಂದರೆ, ಗಾಯ ಕೆಂಪಾಗಿ ಸೋರಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಕುಕ್ಕರಗಾಲಲ್ಲಿ ಕೂರುವುದು, ನಾಟಿ ಕೆಲಸ ಬಿಡಬೇಕು. ಅವ್ವನಿಗೆ ಸಂಕಟವಾಗಿದ್ದು ಇದೊಂದಕ್ಕೇ.

ಅವಳಿಗೆ ಅಂಜನಾದ್ರಿ ಬೆಟ್ಟ ಹತ್ತುವ ಆಸೆ. ಅಲ್ಲಿ ಐನೂರಕ್ಕೂ ಹೆಚ್ಚು ಮೆಟ್ಟಿಲು. ಅದಕ್ಕೆ ಡಾಕ್ಟರು ಒಪ್ಪುವವರೆಗೂ ಕಾಯಬೇಕು. ಫಿಸಿಯೊಥೆರಪಿ ಮಾಡಿಸುವವರು ಕಲಿಸಿದ್ದು ಇಷ್ಟು: ಹತ್ತುವಾಗ ಚೆನ್ನಾಗಿರುವ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ಸದ್ಯ ಅವ್ವ ದಿನಾ ಸಂಜೆ ನಮ್ಮ ಮನೆ ಮುಂದಿನ ಮೂರು ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿ ಇಳಿಯುತ್ತಾಳೆ.