ಥೈರಾಯ್ಡ್ ತೆಗೆಸಿದ ಮೇಲೆ ಮಾತ್ರೆ ಮೈಗೆ ಹತ್ತುತ್ತಿಲ್ಲವೇ? ಡೋಸ್ ಏರಿಸುವ ಮೊದಲು ಗಡಿಯಾರ ನೋಡಿ

ಔಷಧದ ಅಂಗಡಿಯ ಕೌಂಟರಿನಲ್ಲಿ ನಿಂತರೆ ಈ ಮಾತು ಆಗಾಗ ಕೇಳುತ್ತದೆ: "ಡೋಸ್ ಮತ್ತೆ ಜಾಸ್ತಿ ಮಾಡಿದ್ದಾರೆ, ಆದ್ರೂ ಸುಸ್ತು ಹೋಗ್ತಿಲ್ಲ." ಚೀಟಿಯಲ್ಲಿ 100 ಹೋಗಿ 125 ಆಗಿರುತ್ತದೆ, 125 ಹೋಗಿ 150. ಮಾತ್ರೆ ಯಾವಾಗ ತಗೋತೀರಿ ಅಂತ ಕೇಳಿದರೆ, "ಬೆಳಿಗ್ಗೆ, ಎಲ್ಲಾ ಒಟ್ಟಿಗೆ" ಅನ್ನುತ್ತಾರೆ. ಬಹಳ ಜನರ ತೊಂದರೆ ಆ "ಒಟ್ಟಿಗೆ"ಯಲ್ಲೇ ಇದೆ.

ಗ್ರಂಥಿ ಪೂರ್ತಿ ತೆಗೆಸಿದವರಿಗೆ ಇದು ಸಣ್ಣ ವಿಷಯ ಅಲ್ಲ. ಬರೀ ಹೈಪೋಥೈರಾಯ್ಡ್ ಇರುವವರ ಗ್ರಂಥಿ ಅಷ್ಟೋ ಇಷ್ಟೋ ಕೆಲಸ ಮಾಡುತ್ತಿರಬಹುದು. ನಿಮ್ಮಲ್ಲಿ ಅದೂ ಇಲ್ಲ. ಸ್ವಿಟ್ಜರ್ಲೆಂಡಿನ ಸರ್ಜನ್ ಥಿಯೋಡರ್ ಕೋಕರ್ 1883ರಲ್ಲೇ ಇದನ್ನು ಬರೆದಿಟ್ಟಿದ್ದರು. ಗ್ರಂಥಿ ಪೂರ್ತಿ ತೆಗೆಸಿಕೊಂಡ ಅವರ ರೋಗಿಗಳು ದಿನ ಕಳೆದಂತೆ ಮಂಕಾಗುತ್ತಿದ್ದರು, ಮೈ ಊದಿಕೊಳ್ಳುತ್ತಿತ್ತು. ಆಗ ಅವರಿಗೆ ಕೊಡಲು ಮಾತ್ರೆ ಇರಲಿಲ್ಲ. ನಮಗೆ ಲೆವೊಥೈರಾಕ್ಸಿನ್ ಇದೆ, ಗ್ರಂಥಿ ಮಾಡುತ್ತಿದ್ದ ಥೈರಾಕ್ಸಿನ್ ಹಾರ್ಮೋನಿನದೇ ಮಾತ್ರೆ. ಆದರೆ ಖಾಲಿ ಹೊಟ್ಟೆಯಲ್ಲಿ ನುಂಗಿದರೂ ಅದರಲ್ಲಿ ರಕ್ತಕ್ಕೆ ಸೇರುವುದು ಸುಮಾರು 60ರಿಂದ 80 ಶೇಕಡಾ ಮಾತ್ರ. ಜೊತೆಗೆ ಬೇರೇನಾದರೂ ಹೋದರೆ ಇನ್ನೂ ಕಡಿಮೆ.

ಹಂತ 1: ಎದ್ದ ಕೂಡಲೇ ಮಾತ್ರೆ

ಮಾತ್ರೆ, ಒಂದು ಲೋಟ ಬರೀ ನೀರು. ಜೇನು-ನಿಂಬೆ ನೀರು, ಮೆಂತ್ಯ ನೀರು ಯಾವುದೂ ಬೇಡ. ಆಮೇಲೆ ಒಂದು ಗಂಟೆ ಬಾಯಿಗೆ ನೀರು ಬಿಟ್ಟು ಏನೂ ಹಾಕಬೇಡಿ. ಅರ್ಧ ಗಂಟೆ ಸಾಕು ಅಂತ ಕೆಲವರು ಹೇಳುತ್ತಾರೆ. ಗ್ರಂಥಿ ಇಲ್ಲದವರು ಒಂದು ಗಂಟೆಯನ್ನೇ ಹಿಡಿಯಿರಿ. ಫಿಲ್ಟರ್ ಕಾಫಿಯೂ ಈ ಲೆಕ್ಕದಲ್ಲಿ ಬರುತ್ತದೆ. ಕಾಫಿ ಮಾತ್ರೆಯ ಹೀರಿಕೆಯನ್ನು ಕಡಿಮೆ ಮಾಡುತ್ತದೆ, ಹಾಲು ಹಾಕದಿದ್ದರೂ ಅಷ್ಟೇ. ರಾಗಿ ಗಂಜಿಯನ್ನು ಇನ್ನೂ ಸ್ವಲ್ಪ ತಡ ಮಾಡಿದರೆ ಒಳ್ಳೆಯದು, ರಾಗಿಯಲ್ಲಿ ಕ್ಯಾಲ್ಸಿಯಂ ಮತ್ತು ನಾರು ಎರಡೂ ಜಾಸ್ತಿ.

ರಾತ್ರಿ ಮಲಗುವಾಗ ತಗೊಂಡರೂ ಆಗುತ್ತದೆ, ಊಟ ಆಗಿ 3-4 ಗಂಟೆ ಕಳೆದಿರಬೇಕು ಅಷ್ಟೇ. ಆದರೆ ನಮ್ಮ ಮನೆಗಳಲ್ಲಿ ಒಂಬತ್ತೂವರೆಗೆ ಊಟ, ಹತ್ತೂವರೆಗೆ ಹಾಸಿಗೆ. ಹಾಗಾಗಿ ನಾನು ಬೆಳಿಗ್ಗೆಯನ್ನೇ ಹೇಳುತ್ತೇನೆ. ಬಾಟಲಿ ಮತ್ತು ನೀರು ಹಾಸಿಗೆಯ ಪಕ್ಕದಲ್ಲೇ ಇರಲಿ.

ಹಂತ 2: ಕ್ಯಾಲ್ಸಿಯಂ ಅನ್ನು ದೂರ ಇಡುವುದು

ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಥೈರಾಯ್ಡಿನ ಹಿಂಭಾಗಕ್ಕೆ ಅಂಟಿಕೊಂಡಂತೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವುದು ಅವುಗಳ ಕೆಲಸ. ಆಪರೇಷನ್ನಿನಲ್ಲಿ ಅವುಗಳಿಗೆ ಪೆಟ್ಟಾಗಬಹುದು, ರಕ್ತ ಸರಬರಾಜು ಕಡಿಮೆಯಾಗಬಹುದು. ಅದಕ್ಕೇ ಡಿಸ್ಚಾರ್ಜ್ ಚೀಟಿಯಲ್ಲಿ ಬಹಳ ಸಲ ಲೆವೊಥೈರಾಕ್ಸಿನ್ ಜೊತೆಗೇ ಕ್ಯಾಲ್ಸಿಯಂ ಮಾತ್ರೆಯೂ ಇರುತ್ತದೆ. ಎರಡರ ಮುಂದೆಯೂ "ಬೆಳಿಗ್ಗೆ" ಅಂತ ಬರೆದಿದ್ದರೆ ಮನೆಯವರು ಎರಡನ್ನೂ ಒಂದೇ ಅಂಗೈಗೆ ಹಾಕಿ ಕೊಡುತ್ತಾರೆ, ಪಾಪ, ಅವರಿಗಾದರೂ ಯಾರು ಹೇಳಿರುತ್ತಾರೆ? ಕ್ಯಾಲ್ಸಿಯಂ ಕರುಳಿನೊಳಗೆ ಥೈರಾಕ್ಸಿನ್ ಅನ್ನು ಹಿಡಿದುಕೊಂಡುಬಿಡುತ್ತದೆ. ಹಾಗೆ ಅಂಟಿಕೊಂಡದ್ದು ರಕ್ತಕ್ಕೆ ಸೇರುವುದಿಲ್ಲ, ಮಲದಲ್ಲಿ ಹೋಗುತ್ತದೆ.

ಎರಡರ ನಡುವೆ 4 ಗಂಟೆ ಬೇಕು. ದಿನಕ್ಕೆ ಎರಡು ಸಲ ಕ್ಯಾಲ್ಸಿಯಂ ಇದ್ದರೆ ಸುಲಭ: ಮಧ್ಯಾಹ್ನದ ಊಟದ ಜೊತೆ ಒಂದು, ರಾತ್ರಿ ಊಟದ ಜೊತೆ ಒಂದು. ಸಾಮಾನ್ಯವಾಗಿ ಸಿಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜೊತೆಗೇ ಚೆನ್ನಾಗಿ ಹೀರಿಕೆಯಾಗುವುದು, ಹಾಗಾಗಿ ಇದರಿಂದ ಎರಡು ಲಾಭ. ಮೂರು ಸಲ ಬರೆದಿದ್ದರೆ ಹೀಗೆ ಮಾಡಿ: ಐದೂವರೆಗೆ ಥೈರಾಯ್ಡ್ ಮಾತ್ರೆ, ಏಳಕ್ಕೆ ತಿಂಡಿ, ಹತ್ತರ ಸುಮಾರಿಗೆ ಏನಾದರೂ ಚೂರು ತಿಂದು ಮೊದಲ ಕ್ಯಾಲ್ಸಿಯಂ, ಎರಡೂವರೆಗೆ ಊಟದ ಜೊತೆ ಎರಡನೆಯದು, ರಾತ್ರಿ ಊಟದ ಜೊತೆ ಮೂರನೆಯದು. ಬೆಳಿಗ್ಗೆ ಬೇಗ ಏಳಲು ಆಗದವರು ಒಟ್ಟು ವೇಳಾಪಟ್ಟಿಯನ್ನೇ ಮುಂದಕ್ಕೆ ತಳ್ಳಿ. ನಡುವಿನ 4 ಗಂಟೆಯನ್ನು ಮಾತ್ರ ಕತ್ತರಿಸಬೇಡಿ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಅಂತರ ಇಡಬೇಕು ಅಂತ ಕ್ಯಾಲ್ಸಿಯಂ ಬಿಡಬಾರದು. ತುಟಿ ಸುತ್ತ ಅಥವಾ ಬೆರಳ ತುದಿಯಲ್ಲಿ ಜುಮ್ ಅನ್ನುತ್ತಿದ್ದರೆ, ಕೈ ಸೆಟೆದುಕೊಂಡರೆ, ಅದು ಕ್ಯಾಲ್ಸಿಯಂ ಇಳಿದಿರುವ ಸೂಚನೆ. ಆಗ ಗಡಿಯಾರ ನೋಡುತ್ತಾ ಕೂರಬೇಡಿ. ಡಾಕ್ಟರ್ ಹೇಳಿಕೊಟ್ಟಂತೆ ಕ್ಯಾಲ್ಸಿಯಂ ತಗೊಳ್ಳಿ, ತಕ್ಷಣ ಅವರಿಗೆ ಫೋನ್ ಮಾಡಿ. ಸೆಟೆತ ಜೋರಾಗಿದ್ದರೆ ನೇರ ಆಸ್ಪತ್ರೆಗೆ ಹೋಗಿ. ಥೈರಾಕ್ಸಿನ್‌ನ ಅರ್ಧಾಯುಷ್ಯ, ಅಂದರೆ ಮೈಯಲ್ಲಿರುವುದು ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ, ಸುಮಾರು ಒಂದು ವಾರ, ಒಂದು ದಿನದ ಮಾತ್ರೆ ನಾಲ್ಕು ಗಂಟೆ ತಡವಾದರೆ ಏನೂ ಆಗುವುದಿಲ್ಲ. ಕ್ಯಾಲ್ಸಿಯಂ ಹಾಗಲ್ಲ.

ಹಂತ 3: ಉಳಿದ ಕಳ್ಳರನ್ನು ಹುಡುಕಿ

ಕಬ್ಬಿಣಾಂಶದ ಮಾತ್ರೆಗೂ ಅದೇ 4 ಗಂಟೆ. ಜೆಲುಸಿಲ್, ಡೈಜೀನ್ ತರಹದ ಆಂಟಾಸಿಡ್‌ಗೂ ಅಷ್ಟೇ. ಮಲ್ಟಿವಿಟಮಿನ್ ಡಬ್ಬಿಯ ಹಿಂಭಾಗ ಓದಿ, ಅದರಲ್ಲೂ ಕಬ್ಬಿಣ, ಕ್ಯಾಲ್ಸಿಯಂ ಇರಬಹುದು. ಇಸಬ್‌ಗೋಲ್, ಸೋಯಾ ಪುಡಿ ಸಂಜೆಗೆ ಇಟ್ಟುಕೊಳ್ಳಿ. ಪ್ಯಾಂಟೊಪ್ರಜೋಲ್ ಅನ್ನುವ ಗ್ಯಾಸ್ ಮಾತ್ರೆ ಬೇರೆ ಜಾತಿ. ಅದು ಮಾತ್ರೆಗೆ ಅಂಟಿಕೊಳ್ಳುವುದಿಲ್ಲ, ಹೊಟ್ಟೆಯ ಆಮ್ಲವನ್ನೇ ಇಳಿಸುತ್ತದೆ. ಆಮ್ಲ ಕಡಿಮೆಯಾದರೆ ಮಾತ್ರೆ ಸರಿಯಾಗಿ ಕರಗುವುದಿಲ್ಲ, ಹಾಗಾಗಿ ಗಂಟೆಗಳ ಅಂತರ ಇಟ್ಟರೂ ಪೂರ್ತಿ ಪ್ರಯೋಜನ ಇಲ್ಲ. ಆಪರೇಷನ್ ಹೊತ್ತಿನಲ್ಲಿ ಶುರುವಾದ ಗ್ಯಾಸ್ ಮಾತ್ರೆಯನ್ನು ಸುಮ್ನೆ ವರ್ಷಗಟ್ಟಲೆ ನುಂಗುತ್ತಿರುವವರಿದ್ದಾರೆ. ಇನ್ನೂ ಬೇಕಾ ಅಂತ ಡಾಕ್ಟರನ್ನು ಕೇಳಿ.

"ಥೈರಾಯ್ಡ್ ಬೇರುಸಮೇತ ಗುಣ" ಅಂತ ಮಾರುವ ಪುಡಿಗಳನ್ನು ದಯವಿಟ್ಟು ಕೊಳ್ಳಬೇಡಿ. ಗ್ರಂಥಿಯೇ ಇಲ್ಲದವರಿಗೆ ಯಾವ ಪುಡಿ ಏನನ್ನು ಗುಣ ಮಾಡುತ್ತದೆ? ಅದನ್ನು ನಂಬಿ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಹಂತ 4: ಬಾಟಲಿ

ಬಿಸಿ, ಬೆಳಕು, ತೇವ ಮೂರೂ ಈ ಮಾತ್ರೆಗೆ ಆಗದು. ಅಡುಗೆಮನೆ, ಬಚ್ಚಲು, ಕಾರಿನ ಡ್ಯಾಶ್‌ಬೋರ್ಡ್ ಬೇಡ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ವಾರದ ಪ್ಲಾಸ್ಟಿಕ್ ಡಬ್ಬಿಗೆ ಸುರಿದಿಡುವುದಂತೂ ಬೇಡವೇ ಬೇಡ. ಒಂದೇ ಬ್ರ್ಯಾಂಡ್ ಹಿಡಿಯಿರಿ. ಬದಲಾದರೆ 6 ವಾರಕ್ಕೆ, ಮೈಗೆ ಥೈರಾಯ್ಡ್ ಹಾರ್ಮೋನು ಸಾಲದಿದ್ದರೆ ರಕ್ತದಲ್ಲಿ ಏರುವ ಟಿಎಸ್‌ಎಚ್ ಮಾಡಿಸಿ. ಅಂಗಡಿಯಲ್ಲಿ ಲೇಬಲ್ ಓದಿಯೇ ಹಣ ಕೊಡಿ: 12.5 ಮತ್ತು 125 ಎರಡೂ ಸಿಗುತ್ತವೆ, ನಡುವಿನ ಚುಕ್ಕೆ ಕಣ್ತಪ್ಪಿದರೆ ಡೋಸ್ ಹತ್ತು ಪಟ್ಟು ವ್ಯತ್ಯಾಸ.

ಹಂತ 5: ರಕ್ತ ಪರೀಕ್ಷೆ

ಕ್ರಮ ಸರಿಮಾಡಿದ ಮೇಲೆ 6ರಿಂದ 8 ವಾರ ಕಾಯಿರಿ, ಮುಂಚೆ ಮಾಡಿಸಿದರೆ ದುಡ್ಡು ದಂಡ. ಆ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ತಗೊಳ್ಳಿ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಕನಿಷ್ಠ 2 ದಿನ ಮೊದಲು ನಿಲ್ಲಿಸಿ, ಅದು ಕೆಲವು ಲ್ಯಾಬ್ ಪರೀಕ್ಷೆಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸುತ್ತದೆ. ಕ್ಯಾನ್ಸರ್‌ಗೆಂದು ಗ್ರಂಥಿ ತೆಗೆಸಿದವರಲ್ಲಿ ಕೆಲವರಿಗೆ ಡಾಕ್ಟರ್ ಬೇಕಂತಲೇ ಟಿಎಸ್‌ಎಚ್ ತಗ್ಗಿಸಿಟ್ಟಿರುತ್ತಾರೆ. ವರದಿಯ ಪಕ್ಕದ ನಾರ್ಮಲ್ ಅಂಕಿ ನೋಡಿ ನೀವೇ ಡೋಸ್ ಇಳಿಸಬೇಡಿ. ಮತ್ತು ಕ್ರಮ ಸರಿಹೋದ ಮೇಲೆ ಹಳೆಯ ದೊಡ್ಡ ಡೋಸ್ ಹೆಚ್ಚಾಗಲೂಬಹುದು. ಎದೆ ಬಡಿತ, ಕೈ ನಡುಕ ಕಂಡರೆ ಆ ವಾರಗಳನ್ನು ಕಾಯದೆ ಡಾಕ್ಟರಿಗೆ ಹೇಳಿ.

ಹಂತ 6: ಆಗಲೂ ಟಿಎಸ್‌ಎಚ್ ಇಳಿಯದಿದ್ದರೆ

ಪೂರ್ತಿ ಗ್ರಂಥಿ ತೆಗೆಸಿದವರಿಗೆ ಸುಮಾರಾಗಿ ಕಿಲೋ ತೂಕಕ್ಕೆ 1.6 ಮೈಕ್ರೋಗ್ರಾಂ ಲೆಕ್ಕ, ಅಂದರೆ 60 ಕಿಲೋ ಇರುವವರಿಗೆ 100ರ ಆಸುಪಾಸು. 200 ತಗೊಂಡರೂ, ಹೊತ್ತು ತಪ್ಪಿಸದೆ ತಗೊಂಡರೂ, ಟಿಎಸ್‌ಎಚ್ ಏರಿಯೇ ಇದ್ದರೆ ಹೊಟ್ಟೆ-ಕರುಳಿನ ಕಡೆ ನೋಡಬೇಕು. ಗೋಧಿಯ ಗ್ಲೂಟನ್ ಆಗದ ಸೀಲಿಯಾಕ್ ಕಾಯಿಲೆ, ಹೊಟ್ಟೆಯಲ್ಲಿ ಎಚ್. ಪೈಲೋರಿ ಬ್ಯಾಕ್ಟೀರಿಯಾದ ಸೋಂಕು, ಜಠರದ ಒಳಪದರ ಸವೆದಿರುವುದು, ಇವೆಲ್ಲ ಹೀರಿಕೆಯನ್ನು ಕೆಡಿಸುತ್ತವೆ. ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಹತ್ತಿರ ಇವುಗಳ ಹೆಸರು ಹೇಳಿಯೇ ಕೇಳಿ, ಸಂಕೋಚ ಬೇಡ. ಒಮ್ಮೆಗೇ ದೊಡ್ಡ ಡೋಸ್ ಕೊಟ್ಟು ಕೆಲವು ಗಂಟೆ ರಕ್ತ ನೋಡುವ ಹೀರಿಕೆ ಪರೀಕ್ಷೆಯೂ ಇದೆ. ಅದು ಆಸ್ಪತ್ರೆಯಲ್ಲಿ, ಅವರ ಕಣ್ಣೆದುರೇ ಆಗಬೇಕು, ಮನೆಯಲ್ಲಿ ಖಂಡಿತ ಅಲ್ಲ. ಅಮೆರಿಕ, ಯುರೋಪಿನಲ್ಲಿರುವ ನಮ್ಮವರು ದ್ರವ ರೂಪದ ಅಥವಾ ಸಾಫ್ಟ್ ಜೆಲ್ ಲೆವೊಥೈರಾಕ್ಸಿನ್ ಬಗ್ಗೆ ವಿಚಾರಿಸಬಹುದು, ಆಮ್ಲ ಕಡಿಮೆ ಇರುವ ಹೊಟ್ಟೆಯಲ್ಲೂ ಅದು ಚೆನ್ನಾಗಿ ಹೀರಿಕೆಯಾಗುತ್ತದೆ.

ಡಾಕ್ಟರ ಬಳಿ ಹೋಗುವಾಗ ಒಂದು ಹಾಳೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಏನೇನು ನುಂಗುತ್ತೀರಿ, ಎಷ್ಟು ಗಂಟೆಗೆ ಅಂತ ಬರೆದುಕೊಂಡು ಹೋಗಿ. ಕಾಫಿಯನ್ನೂ ಬರೆಯಿರಿ. ಮುಟ್ಟು ನಿಂತು ಗರ್ಭಿಣಿ ಅಂತ ಗೊತ್ತಾದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಅವತ್ತೇ ಫೋನ್ ಮಾಡಿ, ಆಗ ಡೋಸ್ ಜಾಸ್ತಿ ಬೇಕಾಗುತ್ತದೆ.