ಆಷಾಢದ ಬಂಗಡೆ

ನನ್ನ ಮೊದಲ ಗೂಢಚಾರ ಕಾದಂಬರಿಯ ಕಥೆ ನಡೆಯುವುದು 1961ರ ಕಾರವಾರದಲ್ಲಿ. ಆಗ ನಮ್ಮ ಕಡಲಿನ ಅಂಜುದೀವ್ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತು. 1955ರಲ್ಲಿ ಭಾರತವು ಗೋವೆಯ ಮೇಲೆ ಆರ್ಥಿಕ ದಿಗ್ಬಂಧನ ಹೇರಿದ ಮೇಲೆ, ಗಡಿಯಾಚೆ ಮಗಳನ್ನು ಕೊಟ್ಟವರು ಬಾಣಂತನಕ್ಕೂ ಅವಳನ್ನು ಕರೆತರಲಾಗದೆ ಗಡಿಯೂರಾದ ಮಾಜಾಳಿಯಲ್ಲಿ ನಿಂತು ದಾರಿ ಕಾಯುವ ಸನ್ನಿವೇಶದಿಂದ ನಾನು ಕಥೆಯನ್ನು ಆರಂಭಿಸಿದ್ದೆ.

ಅಲ್ಲಿಂದ ಮುಂದೆ ದಾರಿ ತಪ್ಪಿತು. 1968ರ ‘ಜೇಡರ ಬಲೆ’ಯಿಂದ ಮೊದಲಾಗಿ ಡಾ. ರಾಜಕುಮಾರ್ ಅವರ ಸಿ.ಐ.ಡಿ. 999 ಚಿತ್ರಗಳನ್ನು ಹಲವು ಸಲ ನೋಡಿದವನು ನಾನು. ಆ ಪಾತ್ರದ ಠೀವಿ ಇಂದಿಗೂ ನನಗೆ ಪ್ರಿಯ. ಆ ಠೀವಿಯನ್ನೇ ಬರವಣಿಗೆಗೆ ತರಲು ಹೋಗಿ ಪುಟಕ್ಕೊಂದು ಪಿಸ್ತೂಲು ತಂದೆ. ತೆರೆಯ ಮೇಲೆ ನಟನ ನಡಿಗೆ, ಸಂಗೀತಗಳು ಹೊತ್ತು ಸಾಗುವ ಭಾರವನ್ನು ಪುಟದ ಮೇಲೆ ಹೊರುವವರು ಯಾರೂ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬ್ರಿಟಿಷರ ಬೇಹುಗಾರನಾಗಿ ದುಡಿದ ಇಂಗ್ಲಿಷ್ ಲೇಖಕ ಸಾಮರ್ಸೆಟ್ ಮಾಮ್ ಆ ಅನುಭವದಿಂದ ಬರೆದ ಕಥೆಗಳನ್ನು ಓದಿದಾಗ, ಈ ಕೆಲಸದ ಬಹುಪಾಲು ಕಾಯುವುದರಲ್ಲಿ, ವರದಿ ಬರೆಯುವುದರಲ್ಲಿ ಕಳೆಯುತ್ತದೆಂಬುದು ತಿಳಿಯಿತು. ಪಿಸ್ತೂಲುಗಳನ್ನೆಲ್ಲ ತೆಗೆದು, ನಾಯಕನನ್ನು ಕಾರವಾರದ ಬೈತಖೋಲದ ಮೀನು ವ್ಯಾಪಾರಿಯೊಬ್ಬನ ಗುಮಾಸ್ತನನ್ನಾಗಿ ಮಾಡಿದೆ.

ಅವನ ಆಯುಧ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ. ದ್ವೀಪದ ಸುದ್ದಿಯನ್ನು ಅವನು ಅದರಲ್ಲಿಯೇ ಬರೆದಿಡುತ್ತಾನೆ: ಬಂಗಡೆ ಎಂದರೆ ಸೈನಿಕರು, ಇಸವಾಣ ಎಂದರೆ ಫಿರಂಗಿ, ಬಾಕಿ ಎಂದರೆ ಬರಬೇಕಾದ ಹಡಗು. ಯಾರು ತೆರೆದು ನೋಡಿದರೂ ಮೀನಿನ ಲೆಕ್ಕವೇ ಕಾಣಬೇಕು. ಈ ಉಪಾಯ ನನಗೆ ಬಹಳ ಹಿಡಿಸಿತ್ತು. ಹಸ್ತಪ್ರತಿಯನ್ನು ನಮ್ಮ ಕೇರಿಯ ಹಿರಿಯ ಮೀನುಗಾರರೊಬ್ಬರಿಗೆ ಓದಿ ಹೇಳುತ್ತಿದ್ದಾಗ, ಜುಲೈ ತಿಂಗಳ ಒಂದು ಸಾಲಿಗೆ ಅವರು ತಡೆದರು.

“ಮಾಸ್ತರ್ರೇ, ಆಷಾಢದಲ್ಲಿ ರಂಪಣಿ ಬಲೆ ಎಳೆಯೋರು ಯಾರು? ದೋಣಿಯೆಲ್ಲ ದಂಡೆ ಮೇಲೆ ಮಡಲು ಹೊದ್ದು ಮಲಗಿರ್ತಾವೆ. ನಿಮ್ಮ ಗುಮಾಸ್ತನಿಗೆ ಅಷ್ಟು ಬಂಗಡೆ ಎಲ್ಲಿಂದ ಬಂತು?”

ಕಡಲ ದಂಡೆಯಲ್ಲೇ ಬೆಳೆದ ನನಗೆ ಇದು ಹೊಳೆಯದೆ ಹೋದದ್ದಕ್ಕೆ ನಿಜವಾಗಿಯೂ ನೋವಾಯಿತು. ತಾರೀಖು ತಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಆ ರಾತ್ರಿ ಯೋಚಿಸಿದಷ್ಟೂ, ಅದುವರೆಗೆ ಕಥೆಯಲ್ಲಿ ಇಲ್ಲದಿದ್ದ ಭಯ ಆ ಒಂದು ಸಾಲಿನಲ್ಲಿ ಕಾಣತೊಡಗಿತು. ತಪ್ಪನ್ನು ಹಾಗೆಯೇ ಉಳಿಸಿ, ಅದನ್ನು ಗುಮಾಸ್ತನದೇ ತಪ್ಪನ್ನಾಗಿಸಿದೆ. ಸುದ್ದಿ ಮುಟ್ಟಿಸುವ ಅವಸರದಲ್ಲಿ ಅವನು ಮಳೆಗಾಲವನ್ನೇ ಮರೆಯುತ್ತಾನೆ. ಅಂಗಡಿಗೆ ಒಣಮೀನು ಕೊಳ್ಳಲು ಬಂದ ಒಬ್ಬನ ಕಣ್ಣು ಆ ಪುಟದ ಮೇಲೆ ಒಂದು ಕ್ಷಣ ನಿಂತು, ಏನೂ ಆಗದವನಂತೆ ಹೊರಗಿನ ಮಳೆಯತ್ತ ತಿರುಗುತ್ತದೆ. ಅವನು ಯಾರ ಕಡೆಯವನೆಂಬುದು ಗುಮಾಸ್ತನಿಗೂ ತಿಳಿಯದು, ಓದುಗನಿಗೂ ತಿಳಿಯದು. ಇಡೀ ಕಾದಂಬರಿಯಲ್ಲಿ ಓದುಗರು ನನ್ನೊಂದಿಗೆ ಮತ್ತೆ ಮತ್ತೆ ಮಾತಾಡಿದ್ದು ಈ ಪುಟದ ಕುರಿತೇ. ಮನೆಯಲ್ಲೊಂದು, ಕಚೇರಿಯಲ್ಲೊಂದು ಮುಖ ಹೊತ್ತು, ಬಾಯಿ ತಪ್ಪಿ ಆಡಿದ ಮಾತಿಗೆ ಎದೆ ಹೊಡೆದುಕೊಂಡವರೇ ನಾವೆಲ್ಲ. ಗೂಢಚಾರನ ಕಥೆ ಇಷ್ಟು ಕಾಲ ಬಾಳಲು ಈ ನೆಂಟಸ್ತಿಕೆಯೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಕೊನೆಯ ಅಧ್ಯಾಯಕ್ಕೆ ಇತಿಹಾಸವೇ ತಾರೀಖು ಕೊಟ್ಟಿತು. 1961ರ ನವೆಂಬರ್ 17ರಂದು ಅಂಜುದೀವಿನಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು ನಮ್ಮ ನೌಕಾಪಡೆ ದ್ವೀಪಕ್ಕೆ ಇಳಿಯಿತು, ಆ ಕಾದಾಟದಲ್ಲಿ ಏಳು ಮಂದಿ ನಾವಿಕರು ಮಡಿದರು. ಆ ಕಾಳಗವನ್ನು ನಾನು ವರ್ಣಿಸಲಿಲ್ಲ. ತೋಪಿನ ಸದ್ದು ನಿಂತ ಮೇಲೆ ಗುಮಾಸ್ತ ಅಂಗಡಿಯ ಬಾಗಿಲು ತೆರೆದು, ಪುಸ್ತಕದ ಹೊಸ ಪುಟದಲ್ಲಿ ಆ ದಿನ ರಂಪಣಿಗೆ ಬಿದ್ದ ಬಂಗಡೆಯನ್ನು ಎಣಿಸಿ ಬರೆಯುತ್ತಾನೆ.